ಬೋನ್ಸಾಯ್ ಗಿಡದ ಕುಂಡ ಯಾವಾಗ ಬದಲಿಸಬೇಕು? ಬೇರು ಎಷ್ಟು ಕತ್ತರಿಸಬಹುದು?

ವರ್ಷ ಎಣಿಸಬೇಡಿ, ಬೇರು ನೋಡಿ. ಹಾಕಿದ ನೀರು ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತಿದ್ದರೆ, ಅಥವಾ ಗಿಡವನ್ನು ಮೆಲ್ಲಗೆ ಎತ್ತಿದಾಗ ಬೇರುಗಳು ಕುಂಡದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ಬದಲಿಸಬೇಕು. ಎಳೆಯ ಗಿಡಕ್ಕೆ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬೇಕಾಗುತ್ತದೆ. ವಯಸ್ಸಾದ ಪೈನ್ 5 ವರ್ಷವಾದರೂ ತಕರಾರು ಮಾಡುವುದಿಲ್ಲ.

ಎಲೆ ಉದುರಿಸುವ ಜಾತಿಗಳಾದರೆ ಮೊಗ್ಗು ಉಬ್ಬಿ ಇನ್ನೂ ಬಿಚ್ಚದಿರುವ ಹೊತ್ತು ಒಳ್ಳೆಯದು. ಫೈಕಸ್‌ನಂಥವಕ್ಕೆ (ಆಲ, ಅರಳಿಯ ಜಾತಿ) ಚುರುಕಾಗಿ ಚಿಗುರುವ ಬೆಚ್ಚಗಿನ ಕಾಲ.

ಅಂಚಿನಿಂದ ಶುರುಮಾಡಿ, ಮರದ ಕಡ್ಡಿಯಿಂದ ಮಣ್ಣು ಬಿಡಿಸುತ್ತಾ ಒಳಗೆ ಬನ್ನಿ. ನೇರ ಕೆಳಗಿಳಿದ ದಪ್ಪ ಬೇರನ್ನು ಕತ್ತರಿಸಿ, ಕೂದಲೆಳೆಯಂಥವನ್ನು ಉಳಿಸಿ. ನೀರು ಹೀರುವುದು ಅವೇ. ಆರೋಗ್ಯವಾಗಿರುವ ಗಿಡದಲ್ಲಿ ಮೂರನೇ ಒಂದು ಭಾಗ ತೆಗೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪೈನ್, ಜೂನಿಪರ್‌ನಂಥ ನಿತ್ಯಹಸಿರು ಶಂಕುಧಾರಿ ಮರಗಳಲ್ಲಿ ಕಡಿಮೆ ಕತ್ತರಿಸಿ, ಹಳೆಯ ಮಣ್ಣನ್ನೂ ಒಂದಿಷ್ಟು ಉಳಿಸಿ. ಬೇರಿಗೆ ನೆರವಾಗುವ ಶಿಲೀಂಧ್ರ ಅದರಲ್ಲಿರುತ್ತದೆ.

ಬಹಳ ಜನ ಮರೆಯುವ ಸಂಗತಿ: ಕುಂಡದ ತೂತಿನೊಳಗಿಂದ ತಂತಿ ಪೋಣಿಸಿ ಬೇರಿನ ಮುದ್ದೆಯನ್ನು ಬಿಗಿಯಾಗಿ ಕಟ್ಟಬೇಕು. ಗಿಡ ಅಲುಗಾಡಿದರೆ ಹೊಸ ಬೇರು ಮುರಿಯುತ್ತಲೇ ಇರುತ್ತದೆ. ಕೆಲವು ವಾರ ನೆರಳಲ್ಲಿಡಿ, ಗೊಬ್ಬರ ಬೇಡ. ಕೊಂಬೆಗೆ ತಂತಿ ಸುತ್ತಿ ಆಕಾರ ಕೊಡುವ ಆಸೆಯಿದ್ದರೆ ಹೊಸ ಚಿಗುರು ಗಟ್ಟಿಯಾಗುವವರೆಗೆ ಕಾಯಿರಿ.