ಮೂರು ತಿಂಗಳ ನಾಯಿಮರಿಯನ್ನು ತರಬೇತಿಗೆ ಈಗಲೇ ಸೇರಿಸಬೇಕೆ?

ನಿಮ್ಮ ಲ್ಯಾಬ್ರಡಾರ್ ಮರಿಗೆ ಮೂರು ತಿಂಗಳಾಗಿದೆ, ಆರು ತಿಂಗಳು ತುಂಬಿದ ಮೇಲೆ ತರಬೇತಿ ಕೊಡಿಸಿದರೆ ಸಾಕೇ, ಒಂದು ತಿಂಗಳು ತರಬೇತುದಾರರ ಬಳಿಯೇ ಬಿಟ್ಟರೆ ಎಲ್ಲವನ್ನೂ ಕಲಿತು ಬರುತ್ತದೆಯೇ ಎಂದು ಕೇಳಿದ್ದೀರಿ. ಈಗಲೇ ಆರಂಭಿಸಿ, ಬಿಟ್ಟು ಮಾತ್ರ ಬರಬೇಡಿ ಎಂಬುದು ನನ್ನ ಉತ್ತರ. ನಾನೂ ಕಲಬುರಗಿಯವನೇ. ಜೇವರ್ಗಿ ರಸ್ತೆಯ ಬದಿಯಲ್ಲಿ ಸಿಕ್ಕ ನಾಡತಳಿಯ ಹೆಣ್ಣುಮರಿಯೊಂದನ್ನು ಸಾಕಿ, ಎಂಟು ವಾರ ಪ್ರತಿ ಭಾನುವಾರ ಬೆಳಿಗ್ಗೆ ತರಗತಿಗೆ ಕರೆದೊಯ್ದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಆರು ತಿಂಗಳ ಮಾತು ಬಂದದ್ದು ಕೊರಳಿನ ಸರಪಳಿಯನ್ನು ಜಗ್ಗಿ ಜಗ್ಗಿ ಕಲಿಸುತ್ತಿದ್ದ ಕಾಲದಿಂದ. ಆ ಜಗ್ಗಾಟವನ್ನು ತಾಳಲು ಮರಿಯ ಕೊರಳು ಬಲಿಯಬೇಕಿತ್ತು. ತಿನಿಸು ಕೊಟ್ಟು ಕಲಿಸುವ ವಿಧಾನಕ್ಕೆ ಹಾಗೆ ಕಾಯುವ ಅಗತ್ಯವೇ ಇಲ್ಲ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಸುಮಾರು 3ರಿಂದ 14 ವಾರಗಳ ಒಳಗೆ ನೋಡಿದ, ಕೇಳಿದ, ಮುಟ್ಟಿದ ಸಂಗತಿಗಳನ್ನು ಮರಿ ಸುಲಭವಾಗಿ ತನ್ನದೆಂದು ಒಪ್ಪಿಕೊಳ್ಳುತ್ತದೆ, ಆನಂತರ ಹೊಸದೆಲ್ಲವನ್ನೂ ಅನುಮಾನದಿಂದ ನೋಡತೊಡಗುತ್ತದೆ. ನಿಮ್ಮ ಮರಿಗೆ ಆ ಅವಧಿ ಮುಗಿಯುತ್ತ ಬಂದಿದೆ. ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ 7-8 ವಾರಗಳ ವಯಸ್ಸಿನಿಂದಲೇ ತರಗತಿ ಆರಂಭಿಸಬಹುದೆಂದೂ, ಮೊದಲ ಲಸಿಕೆ ಹಾಕಿಸಿ ಕನಿಷ್ಠ 7 ದಿನ ಕಳೆದಿರಬೇಕು ಮತ್ತು ಜಂತುಹುಳುವಿನ ಔಷಧ ಕೊಟ್ಟಿರಬೇಕೆಂದೂ ಹೇಳುತ್ತದೆ. ಲಸಿಕೆಗಳೆಲ್ಲ ಪೂರ್ತಿಯಾಗುವವರೆಗೆ ಬೀದಿನಾಯಿಗಳು ಓಡಾಡುವ ಮಣ್ಣಿನಲ್ಲಿ ಮರಿಯನ್ನು ಇಳಿಸಬಾರದು, ಏಕೆಂದರೆ ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆಂದು ಮನೆಯೊಳಗೇ ಕೂಡಿಹಾಕುವುದೂ ತಪ್ಪು. ನಾನು ಮರಿಯನ್ನು ಎತ್ತಿಕೊಂಡು ಸೂಪರ್ ಮಾರ್ಕೆಟ್ಟಿನ ಗದ್ದಲದ ಅಂಚಿನಲ್ಲಿ, ರೈಲು ನಿಲ್ದಾಣದ ಹೊರಗೆ ಹತ್ತು ಹತ್ತು ನಿಮಿಷ ನಿಲ್ಲುತ್ತಿದ್ದೆ. ಆಟೋ ಹಾರ್ನ್, ಬುರ್ಖಾ ಧರಿಸಿದವರು, ಕೋಲೂರಿ ನಡೆಯುವ ಮುದುಕರು, ತಳ್ಳುಗಾಡಿ ಎಲ್ಲವೂ ಅದಕ್ಕೆ ನನ್ನ ತೋಳಿನ ಮೇಲಿನಿಂದಲೇ ಪರಿಚಯವಾದವು.

ಬಿಟ್ಟು ಬರಬೇಡಿ ಎಂದು ಹೇಳಲು ಕಾರಣವಿದೆ. ಎರಡನೆಯ ವಾರದ ಹೊತ್ತಿಗೆ ನಮ್ಮ ಮರಿ ತರಗತಿಯಲ್ಲಿ ಒಂದೇ ಮಾತಿಗೆ ಕೂಡುತ್ತಿತ್ತು, ಮನೆಯಲ್ಲಿ ಮಾತ್ರ ಮುಖ ನೋಡುತ್ತ ನಿಲ್ಲುತ್ತಿತ್ತು. ಮನೆಯಲ್ಲಿ ಯಾರು ಏನೆಂದು ಹೇಳುತ್ತೀರಿ ಎಂದು ತರಬೇತುದಾರರು ಕೇಳಿದಾಗಲೇ ನನಗೆ ತಿಳಿದದ್ದು: ನಮ್ಮವ್ವ "ಕೂಡು" ಎನ್ನುತ್ತಿದ್ದರು, ಮಗ "ಸಿಟ್" ಎನ್ನುತ್ತಿದ್ದ, ದಿನವೂ ಬಂದು ಮರಿಯನ್ನು ಮುದ್ದಿಸುವ ಪಕ್ಕದ ಮನೆಯ ಚಾಚಿ "ಬೈಠ್" ಎನ್ನುತ್ತಿದ್ದರು, ನಾನು ಮೂರನ್ನೂ ಬೆರೆಸುತ್ತಿದ್ದೆ. ಮೂರು ಭಾಷೆ ನಮ್ಮ ಊರಿಗೆ ಸಹಜ, ಆದರೆ ಹನ್ನೆರಡು ವಾರದ ಮರಿಗೆ ಅವು ಸಂಬಂಧವಿಲ್ಲದ ಮೂರು ಸದ್ದುಗಳು. ಇಡೀ ದಿನ ಮರಿಯೊಡನೆ ಇರುವವರು ಅವ್ವ ಆದ್ದರಿಂದ ಅವರ "ಕೂಡು", "ಬಾ", "ಬಿಡು" ಎಂಬ ಮೂರು ಮಾತುಗಳನ್ನೇ ಚೀಟಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು; ಚಾಚಿಯೂ ಸಂತೋಷದಿಂದ ಒಪ್ಪಿಕೊಂಡರು. ಒಮ್ಮೆ ಮಾತ್ರ ಹೇಳಬೇಕು, ಮರಿ ಕೂತ ಒಂದೆರಡು ಸೆಕೆಂಡಿನೊಳಗೆ ತಿನಿಸು ಕೊಡಬೇಕು ಎಂಬ ನಿಯಮಕ್ಕೆ ನಾವೆಲ್ಲ ಒಗ್ಗಿಕೊಳ್ಳಲು ಮರಿಗಿಂತ ಹೆಚ್ಚು ದಿನ ಬೇಕಾದವು. "ಕೂಡು, ಕೂಡು, ಕೂಡು" ಎಂದು ಹೇಳುತ್ತ ಹೋದರೆ ಮೂರನೆಯ ಸಲ ಕೂತರೆ ಸಾಕೆಂದೇ ಅದು ಕಲಿಯುತ್ತದೆ. ತರಬೇತುದಾರರ ಬಳಿ ಒಂದು ತಿಂಗಳು ಇದ್ದು ಬಂದ ನಾಯಿ ಅವರ ಮಾತನ್ನು ಕೇಳುತ್ತದೆ. ನಿಮ್ಮ ಮನೆಯವರು ಕಲಿಯಬೇಕಾದದ್ದು ಹಾಗೆಯೇ ಉಳಿಯುತ್ತದೆ.

ತಿನಿಸಿನ ತುಣುಕು ತೊಗರಿಕಾಳಿನಷ್ಟಿದ್ದರೆ ಸಾಕು. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಪನೀರ್ ಬಳಸಿದೆವು. ಲ್ಯಾಬ್ರಡಾರ್ ಬೇಗ ಮೈ ಬೆಳೆಸುವ ತಳಿ, ಆದ್ದರಿಂದ ಅಷ್ಟನ್ನು ಅದರ ದಿನದ ಊಟದಲ್ಲಿ ಕಡಿಮೆ ಮಾಡಿ. ಒಣದ್ರಾಕ್ಷಿಯನ್ನು ಒಂದನ್ನೂ ಕೊಡಬೇಡಿ, ಅದು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಅಭ್ಯಾಸ ಮಾಡಿಸಿ. "ಬಾ" ಎಂದು ಕರೆದು ಬಂದ ಮರಿಯನ್ನು, ಅದು ಚಪ್ಪಲಿಯನ್ನೇ ಹರಿದಿದ್ದರೂ, ಎಂದಿಗೂ ಬೈಯಬೇಡಿ; ಕರೆದಾಗ ಬಂದರೆ ಬೈಗುಳ ಸಿಗುತ್ತದೆ ಎಂದು ತಿಳಿದ ನಾಯಿ ಮುಂದೆ ವಾಹನಗಳ ನಡುವೆ ನಿಂತಾಗಲೂ ಬರುವುದಿಲ್ಲ.

ನಮ್ಮ ಬಿಸಿಲನ್ನು ಮರೆಯಬೇಡಿ. ನಾಯಿ ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ, ಲ್ಯಾಬ್ರಡಾರಿಗೆ ಮೇಲೆ ದಪ್ಪ ತುಪ್ಪಳ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ಶಹಾಬಾದ್ ಕಲ್ಲು ಹಾಸಿದ ಅಂಗಳ ಸಂಜೆ ಆರಾದರೂ ಕಾದಿರುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ಮರಿಯ ಪಾದಕ್ಕೂ ಅದು ಸಲ್ಲದು. ಬೆಳಿಗ್ಗೆ ಏಳರೊಳಗೆ ಅಭ್ಯಾಸ ಮುಗಿಸುವುದೇ ಒಳ್ಳೆಯದು.

ತರಗತಿಯನ್ನು ಆರಿಸುವ ಮುನ್ನ ಮರಿಯನ್ನು ಮನೆಯಲ್ಲೇ ಬಿಟ್ಟು ಒಬ್ಬರೇ ಹೋಗಿ ನಿಂತು ನೋಡಿ. ನಾವು ಮೊದಲು ಸೇರಿಸಿದ ಕಡೆ ಮುಳ್ಳಿನ ಸರಪಳಿ ಬಳಸುತ್ತಿದ್ದರು. ಎರಡೇ ದಿನಕ್ಕೆ ನಮ್ಮ ಮರಿ ಸರಪಳಿಯ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಂಡು ಮೂತ್ರ ಮಾಡಿಕೊಳ್ಳತೊಡಗಿತು. ಕಟ್ಟಿದ ಹಣವನ್ನು ಬಿಟ್ಟು ಹೊರಬಂದೆವು, ಆದರೂ ಆ ಭಯವನ್ನು ಬಿಡಿಸಲು ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿರುವ ಮರಿಗಳ ಬಾಲ ಕಾಲುಗಳ ನಡುವೆ ಮುದುರಿಕೊಂಡಿದ್ದರೆ, ಅಥವಾ ಮಾಲೀಕರನ್ನು ಒಳಗೆ ಬಿಡುವುದಿಲ್ಲವೆಂದರೆ, ಹೆಸರು ಬರೆಸದೆ ಮರಳಿ ಬನ್ನಿ.