ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದರೆ ವಿಮೆ ಸಿಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಹೊರಮಾವಿನಲ್ಲಿ ನಮ್ಮದು ನೆಲಮಹಡಿಯ ಮನೆ. ಕಳೆದ ವಾರ ರಾಜಕಾಲುವೆ ಉಕ್ಕಿ ಮೊಣಕಾಲುದ್ದ ನೀರು ನಿಂತಿತ್ತು. ಫ್ರಿಜ್, ಸೋಫಾ, ಬಾಗಿಲು ಹಾಳಾಗಿವೆ, ಗೋಡೆ ಬಿರುಕು ಬಿಟ್ಟಿದೆ, ಕಾರೂ ಕೆಟ್ಟಿದೆ. ಗೃಹಸಾಲದ ಜೊತೆ ಬ್ಯಾಂಕಿನವರು ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದರು. ‘ಪ್ರಕೃತಿ ವಿಕೋಪಕ್ಕೆ ವಿಮೆ ಬರಲ್ಲ’ ಅನ್ನುತ್ತಾರೆ ಏಜೆಂಟ್. ಹೌದೇ?

ಉತ್ತರ: ಅಲ್ಲ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಪಾಲಿಸಿಯಲ್ಲಿ ಪ್ರವಾಹ, ಜಲಾವೃತ, ಬಿರುಗಾಳಿ, ಭೂಕಂಪ, ಭೂಕುಸಿತ ಎಲ್ಲವೂ ಸೇರಿವೆ. ಏಜೆಂಟ್ ಮಾತಿಗೆ ಮೂಲ ಬಹುಶಃ ಹಳೆಯ ಅಗ್ನಿ ವಿಮೆ. ಅದರಲ್ಲಿ ಪ್ರೀಮಿಯಂ ಉಳಿಸಲು ಪ್ರವಾಹದ ರಕ್ಷಣೆಯನ್ನು ಕೈಬಿಡಬಹುದಿತ್ತು, ಭೂಕಂಪಕ್ಕೆ ಬೇರೆ ದುಡ್ಡು ಕಟ್ಟಬೇಕಿತ್ತು.

ನಿಮ್ಮ ನಿಜವಾದ ತೊಡಕು ಬಿರುಕಿನದು. ಹೊಸ ಕಟ್ಟಡ ತಾನಾಗಿ ಕೂರುವುದು, ಮಣ್ಣು ತುಂಬಿಸಿದ ಜಾಗ ಕುಸಿಯುವುದು, ಕಳಪೆ ಕಾಮಗಾರಿ, ನೆಲ ಅಗೆತ: ಇವುಗಳಿಂದ ನೆಲ ಕುಸಿದು ಆದ ಹಾನಿಗೆ ಪರಿಹಾರವಿಲ್ಲ. ಕೆರೆಯಂಗಳ ತುಂಬಿಸಿ ಲೇಔಟ್ ಮಾಡಿದ, ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್‌ಗೆ ಜೆಸಿಬಿ ಇಳಿಯುವ ನಮ್ಮ ಊರಿನಲ್ಲಿ ಈ ಸಾಲುಗಳು ಸಣ್ಣವಲ್ಲ. ಹಾನಿ ಅಂದಾಜು ಮಾಡಲು ವಿಮಾ ಕಂಪನಿ ಕಳುಹಿಸುವ ಸರ್ವೇಯರ್‌ನ ವರದಿಯಲ್ಲಿ ‘ಪ್ರವಾಹದಿಂದ’ ಎಂದಿದೆಯೋ ‘ಪಾಯ ಕೂತಿದ್ದರಿಂದ’ ಎಂದಿದೆಯೋ ಎಂಬುದರ ಮೇಲೆಯೇ ದುಡ್ಡು ನಿಂತಿದೆ. ಮಳೆಗೆ ಮುಂಚಿನ ಗೋಡೆಯ ಫೋಟೊ ಇದ್ದರೆ, ಗೃಹಪ್ರವೇಶದ್ದಾದರೂ ಸರಿ, ಹುಡುಕಿ ಕೊಡಿ. ಗೋಡೆಯ ಮೇಲಿನ ನೀರಿನ ಗುರುತನ್ನು ಸರ್ವೇಯರ್ ನೋಡುವವರೆಗೆ ತೊಳೆಯಬೇಡಿ, ಹಾಳಾದ ಸಾಮಾನನ್ನು ಗುಜರಿಗೆ ಹಾಕಬೇಡಿ. ವರ್ಷಗಟ್ಟಲೆ ಒಸರಿದ ತೇವಕ್ಕೆ ಮಾತ್ರ ಕ್ಲೇಮ್ ಹಾಕಿ ಪ್ರಯೋಜನವಿಲ್ಲ.

ಫ್ರಿಜ್, ಸೋಫಾ ವಿಷಯಕ್ಕೆ ಪಾಲಿಸಿ ಪ್ರತಿ ತರಿಸಿ ನೋಡಿ. ಬ್ಯಾಂಕಿಗೆ ತನ್ನ ಸಾಲದ ಚಿಂತೆ, ಹಾಗಾಗಿ ಎಷ್ಟೋ ಸಲ ಕಟ್ಟಡಕ್ಕೆ ಮಾತ್ರ ವಿಮೆ ಇರುತ್ತದೆ. ಕಟ್ಟಡ, ಸಾಮಾನು ಎರಡಕ್ಕೂ ಮಾಡಿಸಿದ್ದರೆ, ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಸಾಮಾನಿಗೆ ತಾನಾಗಿಯೇ ಅನ್ವಯಿಸುತ್ತದೆ. ಚಿನ್ನಾಭರಣಕ್ಕೆ ಬೇರೆ ರಕ್ಷಣೆ ಬೇಕು. ಕಾರಿನದು ಮೋಟಾರು ವಿಮೆಯ ಲೆಕ್ಕ. ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ, ಎಂಜಿನ್ ರಕ್ಷಣೆಯ ಆ್ಯಡ್ ಆನ್ ಇಲ್ಲದವರಿಗೆ ಆ ಖರ್ಚು ಸಿಗುವುದು ಕಷ್ಟ.

ಏಜೆಂಟ್ ಬಾಯಿಮಾತಿಗೆ ಸುಮ್ಮನಾಗದೆ ಇವತ್ತೇ ಕಂಪನಿಗೆ ಲಿಖಿತವಾಗಿ ತಿಳಿಸಿ. ನಿರಾಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ, ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲೇ ಇರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.