ಪ್ರೆಪ್ ಇದ್ದರೂ ಕಾಂಡೋಮ್ ಬೇಕು ಅನ್ನುವ ಸಂಗಾತಿ: ಪ್ರತಿಕ್ರಿಯೆ
ಎಚ್‌ಐವಿ ತಗುಲದಂತೆ ತಡೆಯುವ ಪ್ರೆಪ್ ಮಾತ್ರೆಯನ್ನು ನೀವು ದಿನಾ ತಗೊಂಡರೂ ಐವತ್ತೈದರ ಗೆಳೆಯ ಕಾಂಡೋಮ್ ಬಿಡುತ್ತಿಲ್ಲ ಅಂದರೆ, ಅದು ನಿಮ್ಮ ಮೇಲಿನ ಅನುಮಾನಕ್ಕಿಂತ ಹಳೇ ಭಯವೇ ಇರಬೇಕು. ನಮ್ಮಲ್ಲಿ ಸರ್ಕಾರ ಎಚ್‌ಐವಿಗೆ ಉಚಿತ ಎಆರ್‌ಟಿ (ವೈರಸ್ ಹತೋಟಿಯಲ್ಲಿಡುವ ಔಷಧ) ಕೊಡಲು ಶುರು ಮಾಡಿದ್ದೇ 2004ರಲ್ಲಿ. ಅದಕ್ಕೂ ಮುಂಚೆ ಅವರ ವಯಸ್ಸಿನ ಎಷ್ಟೋ ಜನ ಗೆಳೆಯರನ್ನು ಕಳೆದುಕೊಂಡಿದ್ದಾರೆ. ನನ್ನವರ ಪರ್ಸಿನಲ್ಲಿ ಈಗಲೂ ಅಂಚು ಸವೆದ ಒಂದು ಪ್ಯಾಕೆಟ್ ಇದೆ. (ಹಾಗೆ ಇಟ್ಟಿದ್ದನ್ನು ಬಳಸಬೇಡಿ, ಹರಿಯಬಹುದು.) ನಿಮ್ಮವರ ಕಾರಣ ಬೇರೆಯೂ ಇರಬಹುದು. ಹಾಗಾಗಿ ಮೊದಲು ವಾದ ಬಿಟ್ಟು, ಸುಮ್ನೆ ಕೇಳಿ. ಆಮೇಲೆ ಇಬ್ಬರೂ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಹೋಗಿ, ಎಚ್‌ಐವಿ ಪರೀಕ್ಷೆ ಉಚಿತ. ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ಸೋಂಕುಗಳ ಪರೀಕ್ಷೆಯನ್ನೂ ಕೇಳಿ. ಪ್ರೆಪ್ ಇವನ್ನು ತಡೆಯುವುದಿಲ್ಲ, ಅಲ್ಲಿ ಅವರ ಮಾತೇ ಸರಿ ಅಲ್ವಾ? ಫಲಿತಾಂಶ ಬರುವವರೆಗೆ ಕಾಂಡೋಮ್ ಇರಲಿ. ನೀವಂತೂ ಮೂರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸಬೇಡಿ. ಸಂದೇಹ ಇದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.